ನಿಂಬೆಹಣ್ಣಿಗೆ ಬಣ್ಣ ಬಿಟ್ಟ ಮೊಟ್ಟೆ ನಕಲಿಯೇ?

ಪ್ರಶ್ನೆ: ನಾಟಿ ಮೊಟ್ಟೆ ಎಂದು ಕೊಂಡದ್ದನ್ನು ನಿಂಬೆ ಹೋಳಿನಿಂದ ಉಜ್ಜಿದೆ. ಕಂದು ಬಣ್ಣ ಹೋಗಿ ಬಿಳಿ ಕಾಣಿಸಿತು. ವಾಟ್ಸ್ಆ್ಯಪ್ ವಿಡಿಯೊದಲ್ಲಿ ಹೇಳಿದಂತೆ ಇದು ಟೀ ಡಿಕಾಕ್ಷನ್‌ನಲ್ಲಿ ಅದ್ದಿದ ಫಾರಂ ಮೊಟ್ಟೆ ತಾನೆ?

ಉತ್ತರ: ಈ ಪರೀಕ್ಷೆಯಿಂದ ಏನೂ ಗೊತ್ತಾಗುವುದಿಲ್ಲ. ಇದೊಂದನ್ನೇ ನಂಬಿ ಮೊಟ್ಟೆ ಮಾರುವವರ ಮೇಲೆ ಜಗಳಕ್ಕೆ ಹೋಗಬೇಡಿ. ಅಸಲಿ ಕಂದು ಮೊಟ್ಟೆಯೂ ನಿಂಬೆಗೆ, ವಿನೆಗರ್‌ಗೆ ಬಣ್ಣ ಬಿಡುತ್ತದೆ.

ಚಿಪ್ಪಿಗೆ ಕಂದು ಬಣ್ಣ ಕೊಡುವುದು ಪ್ರೋಟೋಪಾರ್ಫೈರಿನ್ ಎಂಬ ವಸ್ತು. ಕೋಳಿಯ ಹೊಟ್ಟೆಯೊಳಗೆ ಚಿಪ್ಪು ಕಟ್ಟಲು ಸುಮಾರು 20 ಗಂಟೆ ಬೇಕು. ಈ ಬಣ್ಣದ ಬಹುಪಾಲು ಸೇರುವುದು ಇಡುವ ಮುಂಚಿನ ಕೆಲವೇ ಗಂಟೆಗಳಲ್ಲಿ. ಹಾಗಾಗಿ ಅದು ಚಿಪ್ಪಿನ ಹೊರಪದರದಲ್ಲಿ, ಅದರ ಮೇಲಿನ ತೆಳು ಪೊರೆಯಲ್ಲಿ ನಿಲ್ಲುತ್ತದೆ. ಒಡೆದರೆ ಒಳಮೈ ಬೆಳ್ಳಗೇ ಇರುತ್ತದೆ. ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಾಗಿದರೆ ಅದು ಕರಗುತ್ತದೆ, ಜೊತೆಗೆ ಬಣ್ಣವೂ ಕಿತ್ತು ಬರುತ್ತದೆ. ಆಗಷ್ಟೇ ಇಟ್ಟ ಹಸಿ ಮೊಟ್ಟೆಯನ್ನು ಬರಿ ಬಟ್ಟೆಯಲ್ಲಿ ಉಜ್ಜಿದರೂ ಬಣ್ಣ ಅಂಟುತ್ತದೆ.

ಪರೀಕ್ಷಿಸಲೇಬೇಕೆಂದರೆ ಖೋಟಾ ನೋಟು ಪತ್ತೆಗೆ ಬಳಸುವ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ತನ್ನಿ, 365 ಅಥವಾ 395 ನ್ಯಾನೊಮೀಟರ್‌ನದು. ಕೋಣೆ ಪೂರ್ತಿ ಕತ್ತಲಾಗಿರಲಿ. ಅನುಮಾನದ ಮೊಟ್ಟೆಯ ಪಕ್ಕದಲ್ಲಿ ಒಂದು ಬಿಳಿ ಫಾರಂ ಮೊಟ್ಟೆ, ನಿಮ್ಮ ಕಣ್ಣೆದುರೇ ಕೋಳಿ ಇಟ್ಟ ಒಂದು ಕಂದು ಮೊಟ್ಟೆ ಇಡಿ. ಬೆಳಕನ್ನು ಕಣ್ಣಿಗೆ ಬಿಡಬೇಡಿ. ಪ್ರೋಟೋಪಾರ್ಫೈರಿನ್ ಈ ಬೆಳಕಿಗೆ ಕೆಂಪಗೆ ಹೊಳೆಯುತ್ತದೆ. ಟೀ ಕಲೆಗೆ ಆ ಹೊಳಪಿಲ್ಲ. ಬಿಳಿ ಮೊಟ್ಟೆಯಲ್ಲೂ ಈ ವಸ್ತು ಒಂಚೂರು ಇರಬಹುದು, ತಿಳಿ ಕೆನೆ ಬಣ್ಣದ ನಾಟಿ ಮೊಟ್ಟೆ ಮಂದವಾಗಿಯೇ ಹೊಳೆಯುತ್ತದೆ. ಆದ್ದರಿಂದ ಪಕ್ಕದ ಎರಡು ಮೊಟ್ಟೆಗಳಿಲ್ಲದೆ ತೀರ್ಮಾನಕ್ಕೆ ಬರಬೇಡಿ. ಬಿಸಿಲಲ್ಲಿಟ್ಟು ಮಾರಿದ ಮೊಟ್ಟೆಯಲ್ಲಿ ಹೊಳಪು ಕುಂದಿರುತ್ತದೆ, ಅದೂ ನೆನಪಿರಲಿ.

ಟಾರ್ಚ್ ಇಲ್ಲದವರು ಬಿಳಿ ಬಟ್ಟಲಿನಲ್ಲಿ ಉಗುರುಬೆಚ್ಚಗಿನ ಬರಿ ನೀರು ಹಾಕಿ ಹತ್ತು ನಿಮಿಷ ನೆನೆಸಿ. ನೀರಿಗೆ ಬಣ್ಣ ಇಳಿದರೆ ಅನುಮಾನಪಡಿ. ಇಳಿಯದಿದ್ದರೆ ಅಸಲಿ ಎನ್ನಲಾಗದು, ಗಟ್ಟಿಯಾಗಿ ಹಿಡಿದ ಬಣ್ಣ ಬಿಡದೆಯೂ ಇರಬಹುದು.

ಇನ್ನೊಂದು ಮಾತು. ಟಾರ್ಚ್ ಹೇಳುವುದು ಬಣ್ಣ ಕೋಳಿಯದೇ ಎಂಬುದನ್ನು ಮಾತ್ರ. ಪಂಜರದಲ್ಲಿ ಸಾಕುವ ಕಂದು ಮೊಟ್ಟೆಯ ಫಾರಂ ತಳಿಗಳೂ ಇವೆ, ಅವುಗಳ ಮೊಟ್ಟೆಯೂ ಕೆಂಪಗೇ ಹೊಳೆಯುತ್ತದೆ. ನಾಟಿಯೇ ಬೇಕೆಂದರೆ ಕೋಳಿ ಸಾಕುವವರ ಮನೆಯಿಂದ ತನ್ನಿ.

ಪ್ರಶ್ನೆ: ಕಂದು ಮೊಟ್ಟೆಯಲ್ಲಿ ಸತ್ವ ಹೆಚ್ಚೇ?

ಉತ್ತರ: ಇಲ್ಲ. ಚಿಪ್ಪಿನ ಬಣ್ಣ ತಳಿಯದು, ಸತ್ವ ಮೇವಿನದು.

ಪ್ರಶ್ನೆ: ಹಳದಿ ಗಾಢವಾಗಿದ್ದರೆ ನಾಟಿ ಅಲ್ಲವೇ?

ಉತ್ತರ: ಮೆಕ್ಕೆಜೋಳ, ಸೊಪ್ಪು, ಚೆಂಡುಹೂವಿನ ಪುಡಿ ತಿನ್ನಿಸಿದರೆ ಫಾರಂ ಕೋಳಿಯದೂ ಗಾಢವಾಗುತ್ತದೆ.

ಪ್ರಶ್ನೆ: ಕಡಕ್‌ನಾಥ್ ಕೋಳಿಯ ಕಪ್ಪು ಮೊಟ್ಟೆ ಎಲ್ಲಿ ಸಿಗುತ್ತದೆ?

ಉತ್ತರ: ಎಲ್ಲೂ ಇಲ್ಲ. ಮಾಂಸ ಕಪ್ಪು, ಮೊಟ್ಟೆ ತಿಳಿಗಂದು ಇಲ್ಲವೇ ಕೆನೆ ಬಣ್ಣ. ಕಪ್ಪು ಮೊಟ್ಟೆ ಎಂದು ಮಾರುವವರಿಗೆ ದುಡ್ಡು ಕೊಡಬೇಡಿ.

ಪ್ರಶ್ನೆ: ಬಾತುಕೋಳಿ ಮೊಟ್ಟೆ ನಸುಹಸಿರಾಗಿದೆ, ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಅದು ಬಿಲಿವರ್ಡಿನ್ ಎಂಬ ಬಣ್ಣ. ಚಿಪ್ಪಿನ ಒಳಗೂ ಇಳಿದಿರುತ್ತದೆ, ಒಡೆದು ನೋಡಿ.

ಪ್ರಶ್ನೆ: ನಮ್ಮ ಕೋಳಿಗಳ ಕಂದು ಮೊಟ್ಟೆ ಇದ್ದಕ್ಕಿದ್ದಂತೆ ಬಿಳಚಿಕೊಂಡಿವೆ. ಯಾವ ಟಾನಿಕ್ ಕೊಡಲಿ?

ಉತ್ತರ: ಟಾನಿಕ್ ಬೇಡ. ಮೊದಲು ಮೇವಿನ ಚೀಲದ ಮೇಲಿನ ಬರಹ ಓದಿ. ಬ್ರಾಯ್ಲರ್ ಫೀಡ್ ಹಾಕುತ್ತಿದ್ದರೆ ಅದರಲ್ಲಿ ನಿಕಾರ್ಬಜಿನ್ ಎಂಬ, ಕೋಳಿಗಳ ಕಾಕ್ಸಿಡಿಯೋಸಿಸ್ (ಕರುಳಿನ ರೋಗ) ತಡೆಯುವ ಔಷಧ ಇರಬಹುದು. ಅದು ಚಿಪ್ಪಿನ ಕಂದು ಬಣ್ಣವನ್ನು ಅಳಿಸುತ್ತದೆ, ನಿಲ್ಲಿಸಿದರೆ ಬಣ್ಣ ಮರಳುತ್ತದೆ. ವಯಸ್ಸಾದ ಕೋಳಿಯ ಮೊಟ್ಟೆ ನಿಧಾನವಾಗಿ ತಿಳಿಯಾಗುವುದು ಸಹಜ. ನಾಯಿ ಅಟ್ಟಿಸಿ ಬೆದರಿದರೂ ಕೆಲವು ಮೊಟ್ಟೆ ಬಿಳಚುತ್ತವೆ. ಆದರೆ ಚಿಪ್ಪು ಸುಕ್ಕುಗಟ್ಟಿ, ಬಿಳಿ ಲೋಳೆ ನೀರಾಗಿ, ಇಡುವುದೂ ಕಡಿಮೆಯಾಗಿದ್ದರೆ ಇನ್ಫೆಕ್ಷಿಯಸ್ ಬ್ರಾಂಕೈಟಿಸ್ ಎಂಬ ಕೋಳಿಗಳ ಅಂಟುರೋಗ ಇರಬಹುದು. ಅದು ವೈರಸ್‌ನಿಂದ ಬರುವುದು, ಅಂಗಡಿಯವರು ಕೊಟ್ಟ ಆ್ಯಂಟಿಬಯೋಟಿಕ್ ನೀರಿಗೆ ಬೆರೆಸಿದರೆ ವೈರಸ್ ಸಾಯುವುದಿಲ್ಲ. ಅಂಥ ಎರಡು ಮೂರು ಮೊಟ್ಟೆ ತೆಗೆದುಕೊಂಡು ಪಶುವೈದ್ಯರನ್ನು ಕಾಣಿ, ಅಲ್ಲಿಯವರೆಗೆ ಹೊಸ ಕೋಳಿ ತಂದು ಹಿಂಡಿಗೆ ಸೇರಿಸಬೇಡಿ.