ಬಿಲ್ ಕಟ್ಟುವ ಮೊದಲು ಕೇಳಿ

ನಾನು ಕ್ಯಾನ್ಸರ್ ರೋಗಿಗಳ ಮನೆಯವರಿಗೆ ಸಹಾಯಧನದ ದಾರಿ ತೋರಿಸುವ ಆಸ್ಪತ್ರೆ ಸಮಾಜ ಕಾರ್ಯಕರ್ತೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳಿವೆ: ಕಟ್ಟಿದ ಹಣ ವಾಪಸ್ ಬರುತ್ತದಾ? ಇದನ್ನು ಕೇಳಿ ಕೇಳಿ ನನಗೆ ಸಿಟ್ಟೂ ಬರುತ್ತದೆ, ಸಂಕಟವೂ ಆಗುತ್ತದೆ. ಹಾಗಾಗಿ ಜಾಸ್ತಿ ಜಾಗ ಅದಕ್ಕೇ.

ಪ್ರಶ್ನೆ: ಅಪ್ಪನಿಗೆ ಬಾಯಿ ಕ್ಯಾನ್ಸರ್. ಮಂಗಳೂರಿನಲ್ಲಿ ಆಪರೇಷನ್ ಆಯಿತು. ಅಮ್ಮನ ಚಿನ್ನ ಅಡವಿಟ್ಟು ಬಿಲ್ ಕಟ್ಟಿದೆವು. ಆ ಹಣ ಸರಕಾರದಿಂದ ಸಿಗುತ್ತದಾ? ಇನ್ನು ಆರು ವಾರ ರೇಡಿಯೇಷನ್ ಹೇಳಿದ್ದಾರೆ. ಕೈಯಲ್ಲಿ ಕಾಸಿಲ್ಲ, ಅಡಿಕೆ ಮಾರಿದ ಮೇಲೆ ಶುರು ಮಾಡಿದರೆ ಆಗದಾ? ನಮ್ಮದು ನೀಲಿ ರೇಶನ್ ಕಾರ್ಡ್. (ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಓದುಗರು)

ಎರಡನೆಯದಕ್ಕೆ ಮೊದಲು ಉತ್ತರ. ಆಗುವುದಿಲ್ಲ. ಬಾಯಿ ಕ್ಯಾನ್ಸರಿಗೆ ಆಪರೇಷನ್ ಆದ ಸುಮಾರು ಆರು ವಾರದೊಳಗೆ ರೇಡಿಯೇಷನ್ ಶುರುವಾಗಬೇಕು, ಶುರುವಾದ ಮೇಲೆ ವಾರಕ್ಕೆ ಐದು ದಿನ ತಪ್ಪದೆ ನಡೆಯಬೇಕು. ತಡ ಮಾಡಿದರೆ, ನಡುವೆ ಬಿಟ್ಟರೆ, ಉಳಿದ ಕ್ಯಾನ್ಸರ್ ಕಣಗಳು ಮತ್ತೆ ಬೆಳೆಯುತ್ತವೆ. ಆಮೇಲೆ ಎಷ್ಟು ಚಿನ್ನ ಅಡವಿಟ್ಟರೂ ಆ ಹೋದ ವಾರಗಳು ಸಿಗುವುದಿಲ್ಲ. ಅಡಿಕೆಯ ರೇಟು ಕಾಯಬಹುದು, ಅಪ್ಪನ ಬಾಯಿ ಕಾಯುವುದಿಲ್ಲ.

ಇನ್ನು ಹಣದ ಮಾತು. ಕೇಂದ್ರದ ರಾಷ್ಟ್ರೀಯ ಆರೋಗ್ಯ ನಿಧಿಯಾಗಲಿ, ಪ್ರಧಾನಿಯವರ ಪರಿಹಾರ ನಿಧಿಯಾಗಲಿ, ಆಗಿಹೋದ ಖರ್ಚನ್ನು ವಾಪಸ್ ಕೊಡುವುದಿಲ್ಲ. ಕೇರಳ ಸರಕಾರದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಆದರೆ ಅದೂ ಆಸ್ಪತ್ರೆಯೇ ಮೊದಲು ಒಪ್ಪಿಗೆ ತೆಗೆದುಕೊಂಡು ನಡೆಸುವ ನಗದುರಹಿತ ವ್ಯವಸ್ಥೆ. ನೀವು ಕಟ್ಟಿದ ರಶೀದಿ ಹಿಡಿದುಕೊಂಡು ಹೋದರೆ ಕೌಂಟರಿನವರು ಆಗುವುದಿಲ್ಲ ಅಂತ ಕೈಯಾಡಿಸುತ್ತಾರೆ. ಅವರ ತಪ್ಪೂ ಅಲ್ಲ. ಆದ್ದರಿಂದ ಈ ಯೋಜನೆಗಳಿಂದ ಆ ಆಪರೇಷನ್ ಬಿಲ್ಲಿನ ಆಸೆ ಬಿಡಿ. ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಒಂದು ಅರ್ಜಿ ಹಾಕಿ, ಸಿಕ್ಕಿದರೆ ಸಿಕ್ಕಿತು, ಅದನ್ನೇ ನಂಬಿ ಕೂರಬೇಡಿ. ರೇಡಿಯೇಷನ್ನಿಗೆ ಮಾತ್ರ ಇಂದೇ ಓಡಾಡಿ.

ನೀಲಿ ಕಾರ್ಡ್, ಅಂದರೆ ಆದ್ಯತೆಯ ಪಟ್ಟಿಗೆ ಸೇರದ ಕಾರ್ಡ್, ಹಾಗಾಗಿ ನಮಗೆ ಸಿಗುವುದಿಲ್ಲ ಅಂತ ನೀವೇ ತೀರ್ಮಾನ ಮಾಡಿಕೊಳ್ಳಬೇಡಿ. ಕಾರ್ಡಿನ ಬಣ್ಣ ಒಂದರಿಂದಲೇ ಕಾರುಣ್ಯ ಯೋಜನೆಯ ಪಟ್ಟಿಯಲ್ಲಿ ಇದ್ದೀರೋ ಇಲ್ಲವೋ ಗೊತ್ತಾಗುವುದಿಲ್ಲ. ರೇಶನ್ ಕಾರ್ಡ್, ಆಧಾರ್ ಹಿಡಿದು ಆಸ್ಪತ್ರೆಯ ಯೋಜನೆ ಕೌಂಟರಿನಲ್ಲಿ ನೋಡಿಸಿ, ಇಲ್ಲವಾದರೆ ಸರಕಾರದ 'ದಿಶ' ಸಹಾಯವಾಣಿ 1056ಕ್ಕೆ ಫೋನ್ ಮಾಡಿ ಕೇಳಿ. ಪಟ್ಟಿಯಲ್ಲಿ ಇಲ್ಲ, ಆದರೆ ವರ್ಷದ ಆದಾಯ 3 ಲಕ್ಷಕ್ಕಿಂತ ಕಡಿಮೆ ಅಂದರೆ ಕಾರುಣ್ಯ ಬೆನವಲೆಂಟ್ ಫಂಡ್ ಇದೆ, ಅದರಲ್ಲಿ 2 ಲಕ್ಷದವರೆಗೆ ಸಿಗುತ್ತದೆ. ನಿಮ್ಮಂಥವರಿಗೆಂದೇ ಇರುವುದು ಅದು. ಜೊತೆಗೆ ವಿಲೇಜ್ ಆಫೀಸಿನ ಆದಾಯ ಸರ್ಟಿಫಿಕೇಟಿಗೆ ಸರಕಾರಿ ಅರ್ಜಿ ಹಾಕುವ ಅಕ್ಷಯ ಕೇಂದ್ರದಲ್ಲಿ ಈಗಲೇ ಅರ್ಜಿ ಹಾಕಿಡಿ, ಎಲ್ಲ ಕಡೆ ಅದನ್ನು ಕೇಳುತ್ತಾರೆ, ಹೆಚ್ಚಿನವರ ಕೆಲಸ ನಿಲ್ಲುವುದೂ ಅದೊಂದು ಕಾಗದಕ್ಕೇ.

ಮಂಗಳೂರಿನಲ್ಲೇ ಮುಂದುವರಿಸಬೇಕು ಅಂತಿದ್ದರೆ, ನಿಮ್ಮ ಕೇರಳದ ಕಾರ್ಡ್ ಆ ಆಸ್ಪತ್ರೆಯಲ್ಲಿ ನಡೆಯುತ್ತದಾ ಅಂತ ತಲಪಾಡಿಯ ಗಡಿ ದಾಟುವ ಮೊದಲೇ ಕೇಳಿ. ಎಲ್ಲ ಆಸ್ಪತ್ರೆಯಲ್ಲೂ, ಎಲ್ಲ ಕಾರ್ಡಿಗೂ ನಡೆಯುವುದಿಲ್ಲ. ನಡೆಯದಿದ್ದರೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೆ ಆಪರೇಷನ್ನಿನ ಕಾಗದಗಳೆಲ್ಲ ತೆಗೆದುಕೊಂಡು ಹೋಗಿ. "ಅಲ್ಲಿ ಮಲಯಾಳ, ನಮಗೆ ಕಷ್ಟ" ಅನ್ನುವವರಿದ್ದಾರೆ. ಸ್ವಲ್ಪ ಕಷ್ಟ ಹೌದು. ಆದರೆ ಸಾಲಕ್ಕಿಂತ ಕಷ್ಟವಲ್ಲ. ಇಲ್ಲಿನ ಸರಕಾರಿ ಆಫೀಸುಗಳಿಗೆ ನಾವು ಕನ್ನಡದಲ್ಲೇ ಬರೆಯಬಹುದು, ಕಾಸರಗೋಡಿನ ಕನ್ನಡಿಗರಿಗೆ ಆ ಹಕ್ಕಿದೆ. ಅದನ್ನು ಬಿಟ್ಟುಕೊಡಬೇಡಿ.

ಇನ್ನೊಂದು ವಿಷಯ ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಯಾವಾಗಲೂ ದೊಡ್ಡ ಬಿಲ್ಲಿನಿಂದ ಅಲ್ಲ. ದಿನಾ ಓಡಾಡುವ ಬಸ್ಸಿನ ಹಣ, ರೂಮಿನ ಬಾಡಿಗೆ, ಜೊತೆಗೆ ಬರುವ ಮಗನ ತಪ್ಪಿದ ಕೂಲಿ, ನುಂಗಲಾಗದ ಅಪ್ಪನಿಗೆ ಬೇಕಾದ ಹಾಲು ಮೊಟ್ಟೆ, ಇವೆಲ್ಲ ಸೇರಿ ಮೂರನೇ ವಾರಕ್ಕೆ ಮನೆ ಸೋತುಬಿಡುತ್ತದೆ, ಆಗ ರೋಗಿಯೇ "ನನಗೆ ಸಾಕು, ಗುಣ ಆಗಿದೆ" ಅಂತ ಸುಳ್ಳು ಹೇಳುತ್ತಾನೆ. ಸಣ್ಣ ಸಹಾಯ ಕೆಲಸ ಮಾಡುವುದು ಇಲ್ಲೇ. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ಸೆಕೆಂಡ್ ಕ್ಲಾಸಿನಲ್ಲಿ ಶೇಕಡಾ 75 ರಿಯಾಯಿತಿ ಇದೆ, ಸ್ಲೀಪರಿನಲ್ಲಿ ರೋಗಿಗೆ ಪೂರ್ತಿ ಫ್ರೀ. ಡಾಕ್ಟರ ಸಹಿ ಇರುವ ಫಾರಂ ಬೇಕು, ಅಷ್ಟೇ. ಸರಕಾರದ ಕಾರುಣ್ಯ ಫಾರ್ಮಸಿಯಲ್ಲಿ 2024ರಿಂದ ಕ್ಯಾನ್ಸರ್ ಔಷಧಿಗಳನ್ನು ಲಾಭವಿಲ್ಲದೆ ಮಾರುವ ಕೌಂಟರುಗಳಿವೆ, ಹೊರಗೆ ಕೊಳ್ಳುವ ಮೊದಲು ಅಲ್ಲಿ ರೇಟು ಕೇಳಿ. ಅಮ್ಮ ಬೀಡಿ ಕಟ್ಟುವವರಾ? ಹಾಗಿದ್ದರೆ ಬೀಡಿ ಕಾರ್ಮಿಕರ ಗುರುತಿನ ಚೀಟಿ ಹುಡುಕಿ ತೆಗೆಯಿರಿ. ಕಾರ್ಮಿಕ ಕಲ್ಯಾಣ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಗೂ ಸಹಾಯ ಇದೆ, ಅವಲಂಬಿತರಿಗೂ ಸೇರಿ. ಬಿಲ್ಲುಗಳನ್ನು ಬಿಸಾಡಬೇಡಿ, ಇದಕ್ಕೆ ಬೇಕಾಗುತ್ತವೆ.

ಪ್ರಶ್ನೆ: ಒಬ್ಬರು 10 ಸಾವಿರ ಕೊಟ್ಟರೆ 5 ಲಕ್ಷ ಮಂಜೂರು ಮಾಡಿಸಿಕೊಡುತ್ತೇನೆ ಅನ್ನುತ್ತಾರೆ.

ಕಳ್ಳ. ಕೊಡಬೇಡಿ.

ಪ್ರಶ್ನೆ: ಕೀಮೋ ಖರ್ಚು ಜಾಸ್ತಿ, ಮುಳ್ಳುರಾಮಫಲದ ಕಷಾಯ ಸಾಕು ಅಂತ ನಾಟಿ ವೈದ್ಯರು ಹೇಳಿದ್ದಾರೆ.

ಸಾಕಾಗುವುದಿಲ್ಲ. ಗುಣವಾಗಬಹುದಾಗಿದ್ದ ಗಡ್ಡೆಯನ್ನು ಕಷಾಯ ಕುಡಿಯುತ್ತಾ ಬೆಳೆಸಿಕೊಂಡು ಬಂದವರನ್ನು ನೋಡಿದ್ದೇನೆ. ಆ ವೈದ್ಯರು ಆಮೇಲೆ ಫೋನ್ ಎತ್ತುವುದಿಲ್ಲ.

ಪ್ರಶ್ನೆ: ರೋಗ ಗೊತ್ತಾದ ಮೇಲೆ ಇನ್ಶೂರೆನ್ಸ್ ಮಾಡಿಸಿದರೆ ಈ ಖರ್ಚು ಸಿಗುತ್ತದಾ?

ಇಲ್ಲ. ರೋಗ ಮುಚ್ಚಿಟ್ಟು ಮಾಡಿಸಿದರೆ ಕ್ಲೈಮೂ ಹೋಗುತ್ತದೆ, ಕಟ್ಟಿದ್ದೂ ಹೋಗುತ್ತದೆ.

ಪ್ರಶ್ನೆ: ಅಜ್ಜಿಗೆ ಇನ್ನು ಚಿಕಿತ್ಸೆ ಇಲ್ಲ, ಮನೆಗೆ ಕರೆದುಕೊಂಡು ಹೋಗಿ ಅಂದಿದ್ದಾರೆ. ಈಗಲೂ ಸಹಾಯ ಸಿಗುತ್ತದಾ? (ಮಂಜೇಶ್ವರ)

ಸಿಗುತ್ತದೆ. ನಾಳೆಯೇ ನಿಮ್ಮ ಪಂಚಾಯತಿನ ಪಾಲಿಯೇಟಿವ್ ನರ್ಸಿಗೆ (ಗುಣವಾಗದ ರೋಗಿಗಳ ನೋವು ತಗ್ಗಿಸಿ ಆರೈಕೆ ಮಾಡುವವರು) ಹೇಳಿ, ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಮನೆಗೇ ಬಂದು ನೋಡುತ್ತಾರೆ. ನೋವಿದ್ದರೆ ಮುಚ್ಚಿಡದೆ ಹೇಳಿ, ಅದಕ್ಕೆ ಮದ್ದಿದೆ. ಅಜ್ಜಿ ಪೂರ್ತಿ ಮಲಗಿದಲ್ಲೇ ಇದ್ದರೆ, ಬಿಟ್ಟು ಹೋಗಲಾಗದೆ ನೋಡಿಕೊಳ್ಳುವವರಿಗೆ 'ಆಶ್ವಾಸಕಿರಣಂ' ಅಂತ ತಿಂಗಳ ಸಹಾಯಧನದ ಯೋಜನೆ ಇದೆ, ಈಗ ಹೊಸ ಅರ್ಜಿ ತೆಗೆದುಕೊಳ್ಳುತ್ತಾರಾ ಅಂತ ಕೇಳಿ ನೋಡಿ. ಅದಕ್ಕೂ ಡಾಕ್ಟರ ಸರ್ಟಿಫಿಕೇಟ್ ಬೇಕು, ಆಸ್ಪತ್ರೆಯಿಂದ ಹೊರಡುವ ದಿನವೇ ಬರೆಸಿಕೊಳ್ಳಿ.