ಫೋರ್ಡಾ, ಶೆವಿಯಾ, ರ‍್ಯಾಮಾ? ಮೊದಲು ಬಾಗಿಲಿನ ಚೀಟಿ ಓದಿ

ಈ ವಾರ ಅಮೆರಿಕದ ದೊಡ್ಡ ಪಿಕಪ್ ಟ್ರಕ್‌ಗಳ ಬಗ್ಗೆ ಬಂದ ಪ್ರಶ್ನೆಗಳಿಗೆ ಉತ್ತರಿಸಿದವರು, ಮಿಷಿಗನ್‌ನಲ್ಲಿ ಹತ್ತೊಂಬತ್ತು ವರ್ಷ ಟ್ರಕ್ ಸಸ್ಪೆನ್ಷನ್ ಕೆಲಸ ಮಾಡಿದ ಕನ್ನಡಿಗ ಎಂಜಿನಿಯರ್.

ಪ್ರಶ್ನೆ: ಸರ್, ನಾವು ಡಲ್ಲಾಸ್ ಹತ್ತಿರ ಫ್ರಿಸ್ಕೊದಲ್ಲಿದ್ದೇವೆ. ಎಡಗಡೆ ಮನೆಯವರದು ಫೋರ್ಡ್ ಎಫ್-150, ಬಲಗಡೆಯವರದು ಶೆವ್ರೊಲೆ (ಶೆವಿ) ಸಿಲ್ವರಾಡೊ. ನಾನು ಪಿಕಪ್ ತಗೊಳ್ತೀನಿ ಅಂದದ್ದೇ ತಡ, ಇಬ್ಬರೂ ತಮ್ಮ ತಮ್ಮ ಕಡೆ ಎಳೆಯುತ್ತಿದ್ದಾರೆ. ಆಫೀಸಿನ ಗೆಳೆಯ ರ‍್ಯಾಮ್ ಬಿಟ್ಟು ಬೇರೆ ಮಾತಾಡುವುದಿಲ್ಲ. ನಮಗೆ ಬೇಕಿರುವುದು ಕ್ಯಾಂಪರ್ ಟ್ರೈಲರ್, ಅಂದರೆ ಒಳಗೆ ಮಲಗಲು ಜಾಗವಿರುವ ಗಾಡಿಮನೆ, ಎಳೆಯಲು. ಸಾಮಾನು ತುಂಬಿದರೆ ಅದು ಸುಮಾರು 6,500 ಪೌಂಡ್ ಆಗುತ್ತದೆ. ಬೇಸಿಗೆಯಲ್ಲಿ ಊರಿಂದ ಅಪ್ಪ-ಅಮ್ಮ ಬರುತ್ತಾರೆ. ಎರಡು ಮಕ್ಕಳೂ ಸೇರಿ ಆರು ಜನ ಕೊಲರಾಡೊಗೆ ಹೋಗಬೇಕು. ಯಾವ ಕಂಪನಿಯದು ತಗೊಳ್ಳಲಿ?

ಉತ್ತರ: ಮೂರೂ ಕಂಪನಿಯವರು ನಿಮಗೆ ತೋರಿಸುವುದು ಒಂದೇ ಥರದ ಅಂಕಿ. 2022ರ ಮಾದರಿಗಳಲ್ಲಿ ಎಫ್-150ಗೆ ಫೋರ್ಡ್ 14,000 ಪೌಂಡ್ ಎಳೆಯುತ್ತದೆ ಎಂದು ಹೇಳಿಕೊಂಡಿತ್ತು. ಸಿಲ್ವರಾಡೊ 13,300, ರ‍್ಯಾಮ್ 1500ಗೆ 12,750, ಟೊಯೋಟಾ ಟಂಡ್ರಾ 12,000. ಇದನ್ನು ನೋಡಿದರೆ ನಿಮ್ಮ 6,500 ಲೆಕ್ಕಕ್ಕೇ ಇಲ್ಲ ಅನಿಸುತ್ತದೆ, ಅಲ್ವಾ? ಎಡವಟ್ಟಾಗುವುದೇ ಇಲ್ಲಿ.

ಈ ಅಂಕಿಗಳು ಹುಟ್ಟಿದ ಕಥೆ ಕೇಳಿ. ಹಿಂದೆ ಎಳೆಯುವ ಶಕ್ತಿಯನ್ನು ಪ್ರತಿ ಕಂಪನಿಯೂ ತನಗೆ ಬೇಕಾದ ಹಾಗೆ ಅಳೆದುಕೊಳ್ಳುತ್ತಿತ್ತು. ಒಬ್ಬರು 100 ಹೆಚ್ಚು ಹೇಳಿದರೆ ಇನ್ನೊಬ್ಬರು 200 ಹೆಚ್ಚು ಹೇಳುತ್ತಿದ್ದರು. ಕೊನೆಗೆ ಎಲ್ಲರಿಗೂ ಒಂದೇ ಅಳತೆ ಇರಲಿ ಅಂತ ವಾಹನ ಎಂಜಿನಿಯರುಗಳ ಸಂಘ ಎಸ್‌ಎಇಯ ಜೆ2807 ಎಂಬ ಮಾನದಂಡ ಬಂತು. ಟೊಯೋಟಾ 2011ರ ಟಂಡ್ರಾದಿಂದಲೇ ಅದನ್ನು ಒಪ್ಪಿಕೊಂಡಿತು, ಒಪ್ಪಿಕೊಂಡ ಕೂಡಲೇ ಅದರ ಅಂಕಿಯೂ ಇಳಿಯಿತು. ಡೆಟ್ರಾಯಿಟ್‌ನ ಮೂವರು, ಅಂದರೆ ಫೋರ್ಡ್, ಶೆವ್ರೊಲೆಯ ಒಡೆಯ ಜನರಲ್ ಮೋಟಾರ್ಸ್ ಮತ್ತು ರ‍್ಯಾಮ್‌ನವರು ಮಾತ್ರ ‘ಮೊದಲು ನೀನು’ ಅಂತ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತರು. ಮೊದಲು ಅಂಕಿ ಇಳಿಸಿದವರು ಜಾಹೀರಾತಿನಲ್ಲಿ ಸೋಲುತ್ತಾರೆ ಅನ್ನುವ ಭಯ. 2015ರ ಮಾದರಿಗಳ ಹೊತ್ತಿಗೆ ಅಂತೂ ಎಲ್ಲರೂ ಒಪ್ಪಿದರು.

ಪರೀಕ್ಷೆ ಸುಲಭದ್ದಲ್ಲ. ಅರಿಜೋನಾದ ಬಿಸಿಲಿನಲ್ಲಿ ಡೇವಿಸ್ ಡ್ಯಾಮ್ ಹತ್ತಿರ ಸುಮಾರು 18 ಕಿಲೋಮೀಟರ್ ಉದ್ದದ ಏರು ಇದೆ. ಎಸಿ ಪೂರ್ತಿ ಹಾಕಿಕೊಂಡು, ಟ್ರೈಲರ್ ಎಳೆದುಕೊಂಡು, ಗಂಟೆಗೆ 40 ಮೈಲಿಗಿಂತ ಕೆಳಗಿಳಿಯದೆ ಅದನ್ನು ಹತ್ತಬೇಕು. ನಮ್ಮ ಚಾರ್ಮಾಡಿಯ ಹಾಗೆ ತಿರುವಿಲ್ಲ, ಆದರೆ ಎಂಜಿನ್ನಿಗೆ ಉಸಿರು ಬಿಡಲು ಎಲ್ಲೂ ಜಾಗ ಕೊಡುವುದಿಲ್ಲ. ನಾನು ಈ ಪರೀಕ್ಷೆಯನ್ನು ಮನಸಾರೆ ಗೌರವಿಸುತ್ತೇನೆ. ಆದರೆ ಅದರ ಲೆಕ್ಕದಲ್ಲಿ ಟ್ರಕ್ಕಿನೊಳಗೆ ಕೂತಿರುವವರು ಇಬ್ಬರೇ, ತಲಾ 150 ಪೌಂಡ್. ನಿಮ್ಮ ಗಾಡಿಯಲ್ಲಿ ಆರು ಜನ.

ಶೋರೂಮಿಗೆ ಹೋದಾಗ ಬಾನೆಟ್ ಎತ್ತಿ ನೋಡುವ ಮೊದಲು ಡ್ರೈವರ್ ಕಡೆ ಬಾಗಿಲು ತೆಗೆಯಿರಿ. ಬಾಗಿಲು ಮುಚ್ಚಿದಾಗ ಅದು ಬಂದು ಕೂರುವ ಕಂಬದ ಮೇಲೆ, ಟೈರಿನ ಗಾಳಿಯ ಒತ್ತಡ ಬರೆದ ಬಿಳಿ ಚೀಟಿ ಇರುತ್ತದೆ. ಅದರಲ್ಲೊಂದು ಹಳದಿ ಪಟ್ಟಿ ಇರುತ್ತದೆ. ಸ್ವಲ್ಪ ಬಗ್ಗಿ ಓದಬೇಕು, ಅಕ್ಷರ ಚಿಕ್ಕದು. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಅಲ್ಲಿ ಬರೆದಿರುತ್ತದೆ. ಅದು ಆ ಮಾಡೆಲ್ಲಿನ ಅಂಕಿಯಲ್ಲ, ಅಲ್ಲಿ ನಿಂತಿರುವ ಅದೇ ಗಾಡಿಯ ಅಂಕಿ. ಇದನ್ನೇ ಪೇಲೋಡ್ ಅನ್ನುವುದು. ಪಕ್ಕದಲ್ಲಿ ನಿಂತ ಅದೇ ಬಣ್ಣದ, ಅದೇ ಹೆಸರಿನ ಟ್ರಕ್ಕಿನಲ್ಲಿ ಅಂಕಿ ಬೇರೆ ಇರಬಹುದು.

ಈಗ ನಿಮ್ಮ ಲೆಕ್ಕ ಹಾಕೋಣ. ಊರಲ್ಲಿ ಎತ್ತಿನಗಾಡಿ ತುಂಬುವುದನ್ನು ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಹೇರು ಹಿಂದಕ್ಕೆ ಬಿದ್ದರೆ ಮೂಕಿ ಮೇಲೇಳುತ್ತದೆ. ಮುಂಭಾರವಾದರೆ ಎತ್ತಿನ ಹೆಗಲ ಮೇಲೆ ನೊಗ ಕೂರುತ್ತದೆ. ಟ್ರೈಲರ್ ಕೂಡ ಹಾಗೇ. ಅದರ ಒಟ್ಟು ಭಾರದಲ್ಲಿ ಶೇ. 10ರಿಂದ 15ರಷ್ಟು ಟ್ರಕ್ಕಿನ ಹಿಚ್ (ಟ್ರೈಲರ್ ಸಿಕ್ಕಿಸುವ ಕೊಂಡಿ) ಮೇಲೆ ಕೂರಲೇಬೇಕು, ಇಲ್ಲದಿದ್ದರೆ ಟ್ರೈಲರ್ ಓಲಾಡುತ್ತದೆ. ನಿಮ್ಮ 6,500ಕ್ಕೆ ಶೇ. 13 ಹಿಡಿದರೆ 845 ಪೌಂಡ್. ಆ ಭಾರ ಹೊರುವುದು ಟ್ರಕ್ಕು, ಹಾಗಾಗಿ ಅದು ಪೇಲೋಡಿಗೇ ಸೇರಿತು. ಭಾರ ಹಂಚುವ ಹಿಚ್ಚಿನ ತೂಕ ಒಂದು 90. ನೀವಿಬ್ಬರು 320, ಮಕ್ಕಳು 140, ಅಪ್ಪ-ಅಮ್ಮ 280. ಒಟ್ಟು 1,675. ಚಟ್ನಿಪುಡಿ ಡಬ್ಬ, ಕುಕ್ಕರ್, ನೀರಿನ ಕ್ಯಾನು ಇನ್ನೂ ಹತ್ತಿಸಿಲ್ಲ.

ತೆರೆಯುವ ಗಾಜಿನ ಚಾವಣಿ, ಮಸಾಜ್ ಸೀಟು, ದೊಡ್ಡ ಚಕ್ರ ಇರುವ ಮೇಲ್ದರ್ಜೆಯ ಮಾದರಿಗಳಲ್ಲಿ ಚೀಟಿಯ ಅಂಕಿ 1,400 ಆಸುಪಾಸಿಗೆ ಇಳಿದಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆ ಐಷಾರಾಮದ ತೂಕವೆಲ್ಲ ಪೇಲೋಡಿನಿಂದಲೇ ಕಳೆಯುತ್ತದೆ. ಅಂದರೆ ಜಾಹೀರಾತಿನ ಅಂಕಿಯ ಅರ್ಧದಷ್ಟು ಭಾರದ ಟ್ರೈಲರ್ ಎಳೆಯುತ್ತಿದ್ದರೂ ನಿಮ್ಮ ಟ್ರಕ್ ಮಿತಿ ಮೀರಿರುತ್ತದೆ. ಅದೇ ಕಂಪನಿಯ ಸಾದಾ ಮಾದರಿಯಲ್ಲಿ ಚೀಟಿ 1,900 ಹೇಳಬಹುದು. ಹಾಗಾಗಿ ನನ್ನ ಉತ್ತರ ಇದು: 1,900ಕ್ಕಿಂತ ಕಡಿಮೆ ಚೀಟಿಯ ಟ್ರಕ್ ತಗೊಳ್ಳಬೇಡಿ, ಲಾಂಛನ ಯಾವುದೇ ಇರಲಿ. ಅಂಥದ್ದು ಸಿಗದಿದ್ದರೆ ಒಂದು ಮೆಟ್ಟಿಲು ಮೇಲಿನ ಎಫ್-250, ಸಿಲ್ವರಾಡೊ 2500, ರ‍್ಯಾಮ್ 2500 ನೋಡಿ. ಅಪ್ಪ-ಅಮ್ಮನನ್ನು ಕೂರಿಸಿಕೊಂಡು ಬೆಟ್ಟ ಇಳಿಯುವವರು ನೀವು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನನಗೂ ಇದು ಪೆಟ್ಟು ತಿಂದೇ ತಿಳಿದದ್ದು. ಇಲ್ಲಿಗೆ ಬಂದ ಎರಡನೇ ವರ್ಷ, ಗೆಳೆಯರ ಟ್ರೈಲರ್‌ನಲ್ಲಿ ಮನೆ ಸಾಮಾನು ಸಾಗಿಸುತ್ತಿದ್ದೆ. ಫ್ರಿಜ್ಜು, ಪುಸ್ತಕದ ಪೆಟ್ಟಿಗೆ ಎಲ್ಲವನ್ನೂ ಕೊನೆಗೆ ಹತ್ತಿಸಿದ್ದರಿಂದ ಭಾರವೆಲ್ಲ ಬಾಲದ ಕಡೆ. ಹೆದ್ದಾರಿಯಲ್ಲಿ ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದು ಹೋಯಿತು. ಕನ್ನಡಿಯಲ್ಲಿ ಟ್ರೈಲರಿನ ಎಡ ಗೋಡೆ ಕಂಡಿತು, ಮರುಕ್ಷಣ ಬಲ ಗೋಡೆ, ಮತ್ತೆ ಎಡ. ಸ್ಟೀರಿಂಗ್ ಕೈಯಲ್ಲಿದ್ದರೂ ಗಾಡಿ ನನ್ನ ಮಾತು ಕೇಳುತ್ತಿರಲಿಲ್ಲ. ಹೇಗೋ ಕಾಲು ತೆಗೆದೆ, ನಿಧಾನವಾಯಿತು, ಬದುಕಿದೆ. ಹಾಗಾದಾಗ ಬ್ರೇಕ್ ಒತ್ತಬೇಡಿ. ಸ್ಟೀರಿಂಗ್ ನೇರ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಟ್ರೈಲರ್ ಬ್ರೇಕನ್ನು ಮಾತ್ರ ಕೈಯಿಂದ ಮೆಲ್ಲಗೆ ಹಾಕಿ. ಆ ಬ್ರೇಕಿನ ಗುಂಡಿ ಎಲ್ಲಿದೆ ಅಂತ ಮನೆಯ ಮುಂದೆ ನಿಂತಾಗಲೇ ಕೈಗೆ ಅಭ್ಯಾಸ ಮಾಡಿಸಿ. ಹೊರಡುವ ಮುಂಚೆ ಎಲ್ಲರನ್ನೂ ಕೂರಿಸಿಕೊಂಡು ಯಾವುದಾದರೂ ಟ್ರಕ್ ಸ್ಟಾಪಿನ ವೇ ಬ್ರಿಡ್ಜ್ ಮೇಲೆ ಒಮ್ಮೆ ನಿಲ್ಲಿಸಿ ತೂಕ ನೋಡಿ.

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಓದುತ್ತಿದ್ದೇನೆ. ಫೋರ್ಡ್ ಟ್ರಕ್ ಮೇಲೆ ಕಲ್ಲು ಸುರಿದು ತೂತು ಮಾಡುವ ಹಳೆಯ ಜಾಹೀರಾತು ನೋಡಿದೆ. ಅದು ನಿಜವಾ? ಈ ಕಂಪನಿಗಳಿಗೆ ಇಷ್ಟು ಜಿದ್ದು ಯಾಕೆ? ನಿಜಕ್ಕೂ ನಂಬರ್ ಒನ್ ಯಾರು?

ಉತ್ತರ: ಕಲ್ಲು ಸುರಿದದ್ದು ನಿಜ. 2015ರ ಎಫ್-150ಗೆ ಫೋರ್ಡ್ ಉಕ್ಕು ಬಿಟ್ಟು ಅಲ್ಯೂಮಿನಿಯಂ ಮೈ ಕೊಟ್ಟಿತು. ತೂಕ 700 ಪೌಂಡಿನವರೆಗೆ, ಅಂದರೆ ಸುಮಾರು 315 ಕಿಲೊ ಇಳಿಯಿತು. ವರ್ಷಗಟ್ಟಲೆ ಅತಿ ಹೆಚ್ಚು ಮಾರಾಟವಾಗುತ್ತಿದ್ದ ಗಾಡಿಯ ಮೈಯನ್ನೇ ಬದಲಿಸುವುದಕ್ಕೆ ಗುಂಡಿಗೆ ಬೇಕು. 2016ರಲ್ಲಿ ಶೆವ್ರೊಲೆ ಉತ್ತರ ಕೊಟ್ಟಿತು. 825 ಪೌಂಡ್ ತೂಕದ ಕಟ್ಟಡದ ಕಲ್ಲುಗಳನ್ನು ಲೋಡರಿನಿಂದ ಎರಡೂ ಟ್ರಕ್ಕುಗಳ ಹಿಂದಿನ, ಸಾಮಾನು ಹೇರುವ ತೊಟ್ಟಿಗೆ ಸುರಿಯಿತು. ಸಿಲ್ವರಾಡೊದ ಉಕ್ಕಿನ ತೊಟ್ಟಿ ನೆಗ್ಗಿತು, ಫೋರ್ಡಿನದು ತೂತಾಯಿತು.

ನೀವು ಎಂಜಿನಿಯರ್ ಆಗುವವರು, ಆದ್ದರಿಂದ ಪರೀಕ್ಷೆಯಲ್ಲಿ ಬಿಟ್ಟದ್ದೇನು ಅಂತಲೂ ನೋಡಬೇಕು. ದಿನಾ ಕಲ್ಲು ಹೊರುವವರು ತೊಟ್ಟಿಗೆ ಬೆಡ್ ಲೈನರ್ ಎಂಬ ರಕ್ಷಣೆಯ ಹೊದಿಕೆ ಹಾಕಿಸುತ್ತಾರೆ. ಆ ಪರೀಕ್ಷೆಯಲ್ಲಿ ತೊಟ್ಟಿ ಬರಿಮೈಯಲ್ಲಿತ್ತು. ಮಿಷಿಗನ್‌ನಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ಉಕ್ಕು ಅದಕ್ಕೆ ತುಕ್ಕು ಹಿಡಿಯುತ್ತದೆ, ಅಲ್ಯೂಮಿನಿಯಂ ಹಾಗೆ ತುಕ್ಕು ಹಿಡಿಯುವುದಿಲ್ಲ. ಅದರ ಬಗ್ಗೆ ಜಾಹೀರಾತಿನಲ್ಲಿ ಚಕಾರವಿಲ್ಲ. ಇನ್ನೊಂದು ವಿಷಯ: 2019ರ ಹೊಸ ಸಿಲ್ವರಾಡೊ ಬಂದಾಗ ತೊಟ್ಟಿ ಉಕ್ಕಿನದೇ ಉಳಿಯಿತು, ಆದರೆ ಬಾಗಿಲು, ಬಾನೆಟ್, ತೊಟ್ಟಿಯ ಹಿಂಬಾಗಿಲಾದ ಟೇಲ್‌ಗೇಟ್ ಅಲ್ಯೂಮಿನಿಯಂ ಆಗಿತ್ತು.

ಟೇಲ್‌ಗೇಟಿನ ಮೆಟ್ಟಿಲಿನದೂ ಇದೇ ಕಥೆ. ತೊಟ್ಟಿಗೆ ಹತ್ತಲು ಫೋರ್ಡ್ ಒಂದು ಮಡಚುವ ಮೆಟ್ಟಿಲು ಇಟ್ಟಾಗ ಶೆವ್ರೊಲೆ ಜಾಹೀರಾತಿನಲ್ಲೇ ಅದನ್ನು ಗೇಲಿ ಮಾಡಿತು. ಆಮೇಲೆ ಅದೇ ಜನರಲ್ ಮೋಟಾರ್ಸ್ 2019ರ ಜಿಎಂಸಿ ಸಿಯೆರಾದಲ್ಲಿ ಮೆಟ್ಟಿಲಾಗಿ ಮಡಚಿಕೊಳ್ಳುವ ಟೇಲ್‌ಗೇಟ್ ತಂದಿತು. ಮಂಡಿ ನೋವಿರುವ ಬಡಗಿಗೆ, ಪ್ಲಂಬರಿಗೆ ಇದರಿಂದ ಒಳ್ಳೆಯದೇ ಆಯಿತು. ಈ ಜಿದ್ದನ್ನು ನಾನು ಇಷ್ಟಪಡುವುದು ಇಂಥ ಕಾರಣಕ್ಕೆ.

ಜಿದ್ದಿನ ಬೇರು ಹಣದಲ್ಲೂ ಇದೆ, ಮನೆತನದಲ್ಲೂ ಇದೆ. ಡೆಟ್ರಾಯಿಟ್ ಕಂಪನಿಗಳಿಗೆ ಅತಿ ಹೆಚ್ಚು ಲಾಭ ತರುವುದು ಪಿಕಪ್ಪುಗಳೇ. ಎಫ್-150 ತಯಾರಾಗುವುದು ಡಿಯರ್‌ಬಾರ್ನ್‌ನಲ್ಲಿ, ರ‍್ಯಾಮ್ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ, ಸಿಲ್ವರಾಡೊ ಇಂಡಿಯಾನಾದ ಫೋರ್ಟ್ ವೇನ್‌ನಲ್ಲಿ. ತಾತ, ಅಪ್ಪ, ಮಗ ಮೂವರೂ ಒಂದೇ ಕಾರ್ಖಾನೆಯಲ್ಲಿ ದುಡಿದ ಮನೆಗಳಿವೆ. ಅವರಿಗೆ ಅದು ಬರೀ ಬ್ರ್ಯಾಂಡ್ ಅಲ್ಲ, ಅನ್ನ. 2006ರಲ್ಲಿ ಡಿಯರ್‌ಬಾರ್ನ್ ಟ್ರಕ್ ಕಾರ್ಖಾನೆ ಹತ್ತಿರದ ಪಾರ್ಕಿಂಗನ್ನು ಫೋರ್ಡ್ ಬಳಗದ ಗಾಡಿಗಳಿಗೆ ಮಾತ್ರ ಅಂತ ಮಾಡಿತು. ಬೇರೆ ಗಾಡಿ ತಂದ ಕೆಲಸಗಾರರು ರಸ್ತೆಯಾಚೆ ನಿಲ್ಲಿಸಿ ನಡೆದು ಬರಬೇಕಿತ್ತು.

ನಂಬರ್ ಒನ್ ಯಾರು ಅನ್ನುವುದು ಎಣಿಸುವ ರೀತಿಯ ಮೇಲಿದೆ. 1948ರಲ್ಲಿ ಶುರುವಾದ ಫೋರ್ಡ್ ಎಫ್ ಸರಣಿ 1977ರಿಂದ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಟ್ರಕ್ ಅನಿಸಿಕೊಂಡಿದೆ. ಆದರೆ ಸಿಲ್ವರಾಡೊ ಮತ್ತು ಜಿಎಂಸಿ ಸಿಯೆರಾ ಒಂದೇ ಬಸಿರಿನ ಅಣ್ಣತಮ್ಮಂದಿರು. 2020ರಲ್ಲಿ ಎಫ್ ಸರಣಿ ಸುಮಾರು 7.87 ಲಕ್ಷ ಮಾರಾಟವಾಯಿತು. ಸಿಲ್ವರಾಡೊ 5.94 ಲಕ್ಷ, ಸಿಯೆರಾ 2.53 ಲಕ್ಷ. ಕೂಡಿಸಿ ನೋಡಿ, ಜನರಲ್ ಮೋಟಾರ್ಸ್ ಮುಂದೆ. ಅದರ ಹಿಂದಿನ ವರ್ಷ, 2019ರಲ್ಲಿ ರ‍್ಯಾಮ್ ಸಿಲ್ವರಾಡೊವನ್ನು ಹಿಂದಿಕ್ಕಿ ಎರಡನೇ ಸ್ಥಾನಕ್ಕೆ ಬಂದಿತ್ತು.

ಪ್ರಶ್ನೆ: ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ಟೊಯೋಟಾ ಹೈಲಕ್ಸ್ ಪಿಕಪ್ ಜಗತ್ತಿನ ಎಷ್ಟೋ ಕಡೆ ಓಡುತ್ತದೆ, ಅಮೆರಿಕದಲ್ಲಿ ಇಲ್ಲ. ಮಹೀಂದ್ರಾ ಪಿಕಪ್ ಅಲ್ಲಿಗೆ ಹೋಗುತ್ತದೆ ಅಂತ ಹಿಂದೆ ಓದಿದ್ದೆ. ಏನಾಯಿತು?

ಉತ್ತರ: ಇದಕ್ಕೆ ಕೋಳಿ ಕಾರಣ. 1960ರ ದಶಕದ ಶುರುವಿನಲ್ಲಿ ಅಮೆರಿಕದ ಅಗ್ಗದ ಕೋಳಿ ಮಾಂಸಕ್ಕೆ ಯುರೋಪಿನ ದೇಶಗಳು ಸುಂಕ ಏರಿಸಿದವು. ಅಧ್ಯಕ್ಷ ಲಿಂಡನ್ ಜಾನ್ಸನ್ 1963ರ ಡಿಸೆಂಬರ್‌ನಲ್ಲಿ ತಿರುಗೇಟು ಕೊಟ್ಟರು. ಆಲೂಗಡ್ಡೆ ಪಿಷ್ಟ, ಡೆಕ್ಸ್‌ಟ್ರಿನ್, ಬ್ರಾಂದಿ ಮತ್ತು ಹಗುರ ಟ್ರಕ್ಕುಗಳಿಗೆ ಶೇ. 25 ಸುಂಕ. ಉಳಿದವುಗಳ ಮೇಲಿನದು ಹೋಯಿತು, ಟ್ರಕ್ಕಿನ ಮೇಲಿನದು ಉಳಿದುಬಿಟ್ಟಿತು. ಡೆಟ್ರಾಯಿಟ್ ಕಂಪನಿಗಳು ಇಷ್ಟು ಜೋರಾಗಿ ಕಾದಾಡುವುದು ಈ ಬೇಲಿಯ ಒಳಗೆ.

ಬೇಲಿ ದಾಟಬೇಕಾದರೆ ಒಳಗೇ ಕಾರ್ಖಾನೆ ಕಟ್ಟಬೇಕು. ಟೊಯೋಟಾ ಅದನ್ನೇ ಮಾಡಿತು. 2006ರಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಟಂಡ್ರಾ ಕಾರ್ಖಾನೆ ತೆರೆಯಿತು. ಅದಕ್ಕೂ ಮೊದಲು ಆ ಟ್ರಕ್ಕಿಗೆ ಟಿ-150 ಅಂತ ಹೆಸರಿಡಲು ಹೊರಟಿತ್ತು, ಎಫ್-150ಗೆ ಹತ್ತಿರವಾಯಿತು ಅಂತ ಫೋರ್ಡ್ ತಕರಾರು ತೆಗೆದ ಮೇಲೆ ಬದಲಾಯಿಸಿತು. ನಿಸ್ಸಾನ್ ಕೂಡ ಮಿಸಿಸಿಪಿಯಲ್ಲಿ ಟೈಟನ್ ಕಟ್ಟಿ ಸೆಣಸಿತು, 2024ರಲ್ಲಿ ಕೈಬಿಟ್ಟಿತು. ಮಹೀಂದ್ರಾ 2010ರ ಆಸುಪಾಸಿನಲ್ಲಿ ಡೀಸೆಲ್ ಪಿಕಪ್ ಕಳಿಸಲು ಸಿದ್ಧವಾಗಿತ್ತು. ಯೋಜನೆ ಕೈಗೂಡಲಿಲ್ಲ, ಅಲ್ಲಿನ ವಿತರಕರ ಜೊತೆಗಿನ ವ್ಯಾಜ್ಯ ಕೋರ್ಟಿಗೂ ಹೋಯಿತು. ನನಗೆ ಅದು ಇವತ್ತಿಗೂ ಬೇಸರ. ಗಟ್ಟಿಮುಟ್ಟಾದ, ಚಿಕ್ಕ, ಅಗ್ಗದ ಪಿಕಪ್ಪಿನ ಕೊರತೆ ಇಲ್ಲಿನ ಸಣ್ಣ ರೈತರಿಗೆ ನಿಜವಾಗಿಯೂ ಇದೆ.

ಈ ಸುಂಕ ಫೋರ್ಡಿಗೂ ಕಚ್ಚಿತು ಅನ್ನುವುದನ್ನು ಹೇಳಲೇಬೇಕು. ತನ್ನದೇ ಟ್ರಾನ್ಸಿಟ್ ಕನೆಕ್ಟ್ ವ್ಯಾನುಗಳನ್ನು ಹೊರದೇಶದಿಂದ ಹಿಂದಿನ ಸೀಟು ಹಾಕಿ ತಂದು, ಪ್ರಯಾಣಿಕರ ಗಾಡಿ ಅಂತ ಕಡಿಮೆ ಸುಂಕ ಕಟ್ಟಿ, ಆಮೇಲೆ ಸೀಟು ಕಿತ್ತುಹಾಕುತ್ತಿತ್ತು. ಕೊನೆಗೆ 2024ರಲ್ಲಿ 36.5 ಕೋಟಿ ಡಾಲರ್ ಕೊಟ್ಟು ಸರ್ಕಾರದ ಜೊತೆ ರಾಜಿ ಮಾಡಿಕೊಂಡಿತು.

ಪ್ರಶ್ನೆ: ಹ್ಯೂಸ್ಟನ್‌ನಲ್ಲಿ ಮೂರು-ನಾಲ್ಕು ವರ್ಷ ಹಳೆಯ ಟ್ರಕ್ ನೋಡುತ್ತಿದ್ದೇನೆ. ಕೆಡದೇ ಇರುವುದು ಯಾವುದು ಸರ್?

ಉತ್ತರ: ಯಾವ ಕಂಪನಿಯೂ ಹಾಗೆ ಎದೆತಟ್ಟಿ ಹೇಳುವಂತಿಲ್ಲ. 2025ರಲ್ಲಿ ಜನರಲ್ ಮೋಟಾರ್ಸ್ 6.2 ಲೀಟರ್ ವಿ8 ಎಂಜಿನ್ನಿನ ತೊಂದರೆಗೆ ಸುಮಾರು 6 ಲಕ್ಷ ಗಾಡಿಗಳನ್ನು ಸರಿಪಡಿಸಲು ವಾಪಸ್ ಕರೆಸಿತು (ಇದನ್ನೇ ರಿಕಾಲ್ ಅನ್ನುವುದು). ಅವೆಲ್ಲ 2021ರಿಂದ 2024ರ ಮಾದರಿಗಳು, ಅಂದರೆ ನೀವು ನೋಡುತ್ತಿರುವ ವಯಸ್ಸಿನವೇ. ಟೊಯೋಟಾ 2024ರಲ್ಲಿ ಸುಮಾರು 1 ಲಕ್ಷ ಗಾಡಿ ಕರೆಸಿತು. 2022 ಮತ್ತು 2023ರ ಟಂಡ್ರಾಗಳು ಅದರಲ್ಲಿದ್ದವು, ಎಂಜಿನ್ನಿನೊಳಗೆ ತಯಾರಿಕೆಯ ಲೋಹದ ಚೂರು ಉಳಿದಿರಬಹುದು ಅಂತ. ಅದೇ ವರ್ಷ ರ‍್ಯಾಮ್ 1500ಗೆ ಬ್ರೇಕ್ ಸಾಫ್ಟ್‌ವೇರ್ ಸರಿಪಡಿಸಲು 12 ಲಕ್ಷದಷ್ಟು, 2014ರ ಎಫ್-150ಗೆ ಗೇರ್‌ಬಾಕ್ಸ್ ತೊಂದರೆಗೆ 5.5 ಲಕ್ಷದಷ್ಟು.

ನೀವು ಮಾಡಬೇಕಾದದ್ದು ಸುಲಭ. ವಿಂಡ್‌ಶೀಲ್ಡ್‌ನ ಕೆಳಗೆ ಡ್ರೈವರ್ ಕಡೆ 17 ಅಕ್ಷರ-ಅಂಕಿಗಳ ವಿಐಎನ್, ಅಂದರೆ ಆ ಗಾಡಿಯ ಗುರುತಿನ ಸಂಖ್ಯೆ ಇರುತ್ತದೆ. ಫೋಟೊ ತೆಗೆದುಕೊಳ್ಳಿ. ಅಮೆರಿಕ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ವೆಬ್‌ಸೈಟಿನಲ್ಲಿ ಹಾಕಿದರೆ ಯಾವ ರಿಕಾಲ್ ಕೆಲಸ ಬಾಕಿ ಇದೆ ಅಂತ ಪುಕ್ಕಟೆ ತೋರಿಸುತ್ತದೆ. ಆ ಕೆಲಸವನ್ನು ಡೀಲರ್ ದುಡ್ಡಿಲ್ಲದೆ ಮಾಡಿಕೊಡಬೇಕು. ಆಮೇಲೆ ಟಾರ್ಚ್ ಹಿಡಿದು ಅಡಿಗೆ ನುಗ್ಗಿ ಫ್ರೇಮ್ ನೋಡಿ. ಉತ್ತರದ ಹಿಮದ ರಾಜ್ಯಗಳಿಂದ ಬಂದ ಗಾಡಿಯಾದರೆ ಹಿಂದಿನ ಸ್ಪ್ರಿಂಗ್ ಕೂರುವ ಕಡೆ ತುಕ್ಕು ಪದರ ಪದರವಾಗಿ ಎದ್ದಿರುತ್ತದೆ. ಉಗುರಿನಿಂದ ಕೆರೆದರೆ ಚಕ್ಕೆ ಬಿದ್ದರೆ ಆ ಗಾಡಿ ಬಿಟ್ಟುಬಿಡಿ. ವಿಐಎನ್ ಕೇಳಿದಾಗ ‘ಮೊದಲು ಅಡ್ವಾನ್ಸ್ ಕೊಡಿ’ ಅನ್ನುವವರ ಹತ್ತಿರ ಮಾತೇ ಮುಂದುವರಿಸಬೇಡಿ.