ನಂಬದವನಿಗೆ ಡಾಂಟೆಯ ಕಾವ್ಯದಲ್ಲಿ ಏನಿದೆ?

ಪ್ರಶ್ನೆ: ನಾನು ದೇವರನ್ನಾಗಲಿ ನರಕವನ್ನಾಗಲಿ ನಂಬುವವನಲ್ಲ. ಸ್ನೇಹಿತರ ಒತ್ತಾಯಕ್ಕೆ ಇಟಲಿಯ ಕವಿ ಡಾಂಟೆ ತಾನೇ ನರಕ, ಶುದ್ಧೀಕರಣಲೋಕ, ಸ್ವರ್ಗಗಳಲ್ಲಿ ಪಯಣಿಸುವ ‘ಡಿವೈನ್ ಕಾಮೆಡಿ’ ಕಾವ್ಯವನ್ನು ಅನುವಾದದಲ್ಲಿ ಓದತೊಡಗಿದೆ. ಕ್ರಿಸ್ತನಿಗಿಂತ ಮೊದಲೇ ಬದುಕಿದ್ದ ಹೋಮರ್, ಅರಿಸ್ಟಾಟಲ್‌ ಅಂಥವರನ್ನೂ ನರಕದ ಮೊದಲ ಸುತ್ತಿನಲ್ಲಿ ಇರಿಸಿದ್ದನ್ನು ಕಂಡು ಪುಸ್ತಕ ಮುಚ್ಚಿಟ್ಟೆ. ನನ್ನಂಥವನು ಇದನ್ನು ಏಕೆ ಓದಬೇಕು?
– ಒಬ್ಬ ಓದುಗ, ಮೈಸೂರು

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಅದನ್ನು ಬಿಟ್ಟುಕೊಡದೆಯೇ ಪುಸ್ತಕವನ್ನು ಮತ್ತೆ ತೆರೆಯಿರಿ, ಏಕೆಂದರೆ ನೀವು ಕೇಳುವ ಪ್ರಶ್ನೆ ಡಾಂಟೆಯನ್ನೂ ಬಹುಕಾಲ ಕೊರೆದಿತ್ತು. ಮೂರನೆಯ ಭಾಗವಾದ ಸ್ವರ್ಗದ 19ನೆಯ ಸರ್ಗದಲ್ಲಿ ನ್ಯಾಯವಂತ ಅರಸರ ಆತ್ಮಗಳೆಲ್ಲ ಒಂದು ಗರುಡನ ಆಕಾರ ತಾಳಿ, ಒಂದೇ ಕೊರಳಿನಿಂದ ಅವನ ಸಂದೇಹವನ್ನು ಆಡಿ ತೋರಿಸುತ್ತವೆ: ಸಿಂಧೂ ನದಿಯ ದಡದಲ್ಲಿ ಒಬ್ಬ ಹುಟ್ಟುತ್ತಾನೆ; ಅಲ್ಲಿ ಕ್ರಿಸ್ತನ ವಿಷಯ ಹೇಳುವವರಿಲ್ಲ, ಓದುವವರಿಲ್ಲ, ಬರೆಯುವವರಿಲ್ಲ; ಮನುಷ್ಯಬುದ್ಧಿಗೆ ಕಾಣುವಷ್ಟರಮಟ್ಟಿಗೆ ಅವನ ನಡೆಯಲ್ಲೂ ನುಡಿಯಲ್ಲೂ ಪಾಪವಿಲ್ಲ; ದೀಕ್ಷಾಸ್ನಾನವಿಲ್ಲದೆ ಸಾಯುವ ಅವನನ್ನು ದಂಡಿಸುವುದು ಎಂಥ ನ್ಯಾಯ, ಅವನ ತಪ್ಪಾದರೂ ಏನು? 1302ರಲ್ಲಿ ಫ್ಲಾರೆನ್ಸಿನಿಂದ ಗಡೀಪಾರಾಗಿ, 1321ರಲ್ಲಿ ರವೆನ್ನಾದಲ್ಲಿ ತೀರಿಕೊಂಡ ಈ ಕವಿ, ತಾನು ಎಂದೂ ಕಾಣದ ನಮ್ಮ ಕಡೆಯ ಮನುಷ್ಯನೊಬ್ಬನನ್ನು ನೆನೆದು ಇದನ್ನು ಕೇಳಿದನೆಂಬುದು ನನಗೆ ಇಂದಿಗೂ ಬೆರಗು.

ಗರುಡನ ಉತ್ತರ ನಿಷ್ಠುರವಾದದ್ದು: ಗೇಣುದ್ದದ ನೋಟವನ್ನಿಟ್ಟುಕೊಂಡು ಸಾವಿರ ಮೈಲಿಯಾಚೆಯದಕ್ಕೆ ತೀರ್ಪು ಕೊಡಲು ನೀನು ಯಾರು? ಈ ಉತ್ತರ ನನ್ನನ್ನು ಒಪ್ಪಿಸಿಲ್ಲ, ನಿಮ್ಮನ್ನೂ ಒಪ್ಪಿಸಲಾರದು. ಆದರೆ ಮಾತು ಅಲ್ಲಿಗೇ ನಿಲ್ಲುವುದಿಲ್ಲ. ‘ಕ್ರಿಸ್ತ, ಕ್ರಿಸ್ತ’ ಎಂದು ಕೂಗುವ ಅನೇಕರು ಕೊನೆಯ ತೀರ್ಪಿನ ದಿನ ಕ್ರಿಸ್ತನನ್ನು ಅರಿಯದವನಿಗಿಂತಲೂ ಅವನಿಂದ ದೂರ ಉಳಿಯುತ್ತಾರೆಂದು ಅದೇ ಗರುಡ ಹೇಳುತ್ತದೆ. ಮುಂದಿನ ಸರ್ಗದಲ್ಲಿ, ಪ್ರಾಚೀನ ರೋಮಿನ ಕವಿ ವರ್ಜಿಲನ ಮಹಾಕಾವ್ಯದಲ್ಲಿ ಹೀಗೆ ಬಂದು ಹಾಗೆ ಹೋಗುವ ರಿಫಿಯಸ್ ಎಂಬ ಟ್ರಾಯ್ ನಗರದವನು, ಕ್ರಿಸ್ತನಿಗಿಂತ ಸಾವಿರ ವರ್ಷಕ್ಕೂ ಹಿಂದಿನವನು, ಸ್ವರ್ಗದಲ್ಲಿ ಕಾಣಿಸಿಕೊಳ್ಳುತ್ತಾನೆ. ಅವನನ್ನು ನ್ಯಾಯವಂತನೆಂದು ಹಾಡಿದ ವರ್ಜಿಲ್ ಮಾತ್ರ ನೀವು ಪುಸ್ತಕ ಮುಚ್ಚಿದ ಆ ಸುತ್ತಿನಲ್ಲೇ ಉಳಿದಿದ್ದಾನೆ. ಈ ಅಸಮತೆಯನ್ನು ಡಾಂಟೆ ಎಲ್ಲಿಯೂ ಸರಿಪಡಿಸುವುದಿಲ್ಲ.

ಸರಿಪಡಿಸದಿದ್ದರೂ ಅದು ಅವನಿಗೆ ನೋಯದೆ ಇರಲಿಲ್ಲ. ಎರಡನೆಯ ಭಾಗವಾದ ಶುದ್ಧೀಕರಣಲೋಕದ 30ನೆಯ ಸರ್ಗದಲ್ಲಿ, ತಾನು ಪ್ರೀತಿಸಿದ್ದ, ಆಗಲೇ ತೀರಿಕೊಂಡಿದ್ದ ಬಿಯಾಟ್ರಿಸಳನ್ನು ಕಂಡು ನಡುಗಿದ ಡಾಂಟೆ, ಹೆದರಿದ ಮಗು ತಾಯಿಯತ್ತ ತಿರುಗುವಂತೆ, ಆ ಸುತ್ತಿನಿಂದ ಬಂದು ಇಷ್ಟು ದೂರ ಕೈಹಿಡಿದು ತಂದ ವರ್ಜಿಲನತ್ತ ತಿರುಗುತ್ತಾನೆ. ಅಲ್ಲಿ ಅವನಿಲ್ಲ. ಮುಂದಿನ ಮೂರು ಸಾಲುಗಳಲ್ಲಿ ಕವಿ ಆ ಹೆಸರನ್ನು ಮೂರು ಸಲ ಕರೆಯುತ್ತಾನೆ. ನೀವು ಆ ಪುಟವನ್ನೇ ಮೊದಲು ಓದಿ, ಅಲ್ಲಿಂದ ಹಿಂದಕ್ಕೆ ನರಕದ 4ನೆಯ ಸರ್ಗಕ್ಕೆ ಬನ್ನಿ.